ಅಂಗನವಾಡಿ ಚೆನ್ನಾಗಿ ನಡೆಯುತ್ತಿದೆಯಾ ಅಂತ ತಿಳಿಯಬೇಕಾದರೆ ತೂಕದ ದಿನ ಹೋಗಿ ಕೂತುಕೊಳ್ಳಿ

ಊರಿನ ಅಂಗನವಾಡಿಯ ಬಾಲವಿಕಾಸ ಸಮಿತಿಗೆ ನಿಮ್ಮ ಹೆಸರು ಸೇರಿಸಿದ್ದಾರೆ, ಮೀಟಿಂಗಿನಲ್ಲಿ ಸಹಿ ಹಾಕುವುದು ಬಿಟ್ಟರೆ ಕೇಂದ್ರ ಚೆನ್ನಾಗಿ ನಡೆಯುವುದಕ್ಕೆ ನಿಮ್ಮಿಂದ ಏನಾದರೂ ಆಗುತ್ತದೆಯೇ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಮೈಸೂರು ಸೀಮೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಟಿ. ನರಸೀಪುರಕ್ಕೆ. ಆ ಅಭಿಮಾನ ನನಗೆ ಈಗಲೂ ಇದೆ.

ಗೋಡೆಗೆ ಬಣ್ಣ, ಆಟದ ಸಾಮಾನು ಎಲ್ಲವೂ ಬೇಕು. ಆದರೆ ಒಂದು ಕೇಂದ್ರ ನಿಜಕ್ಕೂ ಹೇಗಿದೆ ಅಂತ ನನಗೆ ಗೊತ್ತಾಗುತ್ತಿದ್ದದ್ದು ಅಲ್ಲಿನ ತೂಕದ ಲೆಕ್ಕದಿಂದ.

ಒಮ್ಮೆ ಒಂದು ಹೆಣ್ಣುಮಗುವಿನ ಬೆಳವಣಿಗೆ ಪಟ್ಟಿ ನೋಡುತ್ತಿದ್ದೆ. ತಿಂಗಳಿಗೆ ಸರಿಯಾಗಿ 200 ಗ್ರಾಂನಂತೆ ಏಳು ತಿಂಗಳು ಏರಿತ್ತು. ಮಕ್ಕಳು ಹಾಗೆ ಬೆಳೆಯುವುದಿಲ್ಲ. ಭೇದಿಯಾದ ತಿಂಗಳು ಇಳಿಯುತ್ತಾರೆ, ಜ್ವರ ಬಿಟ್ಟಮೇಲೆ ನಿಧಾನಕ್ಕೆ ಮೈ ತುಂಬಿಕೊಳ್ಳುತ್ತಾರೆ. ಗೆರೆ ಅಷ್ಟು ನೇರ ಇದೆ ಅಂದರೆ ಮಗುವನ್ನು ತೂಗಿಯೇ ಇಲ್ಲ ಅಂತ ಅನುಮಾನ ಬಂತು. ನಾನೇ ತೂಗಿದೆ. ಆ ಏಳು ತಿಂಗಳಲ್ಲಿ ಮಗು ಏರಿದ್ದೇ ಇಲ್ಲ. ತೋಳಿಗೆ ಅಳತೆ ಪಟ್ಟಿ ಸುತ್ತಿದರೆ 11.5 ಸೆಂ.ಮೀ.ಗಿಂತ ಕಡಿಮೆ, ಅಂದರೆ ತೀವ್ರ ಅಪೌಷ್ಟಿಕತೆ.

ಕಾರ್ಯಕರ್ತೆಯನ್ನು ಗದರಿಸಲು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಹಿಂದಿನ ಮೀಟಿಂಗಿನಲ್ಲಿ "ನಿಮ್ಮ ಕೇಂದ್ರದಲ್ಲೇ ಯಾಕಮ್ಮ ಕೆಂಪು ಜಾಸ್ತಿ?" ಅಂತ ಎಲ್ಲರೆದುರು ಆಕೆಯನ್ನು ಕೇಳಿದ್ದು ನಾನೇ. ಪಟ್ಟಿಯಲ್ಲಿ ಕೆಂಪು ಅಂದರೆ ತೂಕ ತೀರಾ ಕಡಿಮೆ, ಹಸಿರು ಅಂದರೆ ಸರಿಯಾಗಿದೆ ಅಂತ. ಇದ್ದದ್ದನ್ನು ಇದ್ದ ಹಾಗೆ ಬರೆದವರಿಗೆ ಬೈಗುಳ, ಎಲ್ಲಾ ಹಸಿರು ಅಂತ ಬರೆದವರಿಗೆ ಶಹಬ್ಬಾಸ್. ಹೀಗೆ ಮಾಡಿದರೆ ಪುಸ್ತಕ ಹಸಿರಾಗದೆ ಇನ್ನೇನಾಗುತ್ತದೆ? 2021ರಿಂದ ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಆಪ್‌ಗೆ ಹಾಕಬೇಕು. ಆದರೆ ಮೊಬೈಲಿಗೆ ಹಾಕಿದ ಮಾತ್ರಕ್ಕೆ ತೂಕ ನಿಜವಾಗುವುದಿಲ್ಲ, ತೂಗುವವರಿಗೆ ಭಯ ಇರಬಾರದು. ಅವತ್ತಿನಿಂದ ಕೆಂಪು ಗುರುತು ತೋರಿಸಿದವರನ್ನು ನಾನು ಮೊದಲು ಹೊಗಳುತ್ತಿದ್ದೆ, ಆಮೇಲೆ ಮುಂದೇನು ಅಂತ ಕೇಳುತ್ತಿದ್ದೆ.

ಆ ಮಗುವಿನ ವಿಷಯದಲ್ಲಿ ಮುಂದಿನದೇ ಕಷ್ಟವಾಯಿತು. ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿ ಮಗು ಇಬ್ಬರೂ ಎರಡು ವಾರ ಇರಬೇಕು. ಕೂಲಿ ತಪ್ಪಿದ್ದಕ್ಕೆ ತಾಯಿಗೆ ಭತ್ಯೆ ಕೊಡುತ್ತಾರೆ, ಊಟವೂ ಅಲ್ಲೇ. ಆದರೂ ಆಕೆ ಒಪ್ಪಲಿಲ್ಲ. "ಹಸು ಕರೆಯೋರು ಯಾರು ಮೇಡಂ, ದೊಡ್ಡವನಿಗೆ ಅನ್ನ ಇಕ್ಕೋರು ಯಾರು?" ಅಂದರು. ಇದಕ್ಕೆ ಯಾವ ಇಲಾಖೆಯ ಸುತ್ತೋಲೆಯಲ್ಲೂ ಉತ್ತರ ಇರಲಿಲ್ಲ. ಉತ್ತರ ಕೊಟ್ಟವರು ಪಕ್ಕದ ಮನೆಯವರು, ನಿಮ್ಮ ಹಾಗೆಯೇ ಬಾಲವಿಕಾಸ ಸಮಿತಿಯ ಸದಸ್ಯೆ. ಹಸುವನ್ನು ತಮ್ಮ ಕೊಟ್ಟಿಗೆಗೆ ಹೊಡೆದುಕೊಂಡು ಹೋದರು, ಹುಡುಗನಿಗೆ ಎರಡು ಹೊತ್ತೂ ಅವರ ಮನೆಯಲ್ಲೇ ಊಟ. ಸಮಿತಿ ಅಂತ ಸರ್ಕಾರ ಮಾಡಿರುವುದು ಇಂಥ ಕೆಲಸಕ್ಕೆ ಅಂತಲೇ ನಾನು ನಂಬಿದ್ದೇನೆ.

ಆದ್ದರಿಂದ ತೂಕದ ದಿನ ನೀವು ಹೋಗಿ. ಮುಳ್ಳು ಸೊನ್ನೆಯಲ್ಲಿದೆಯಾ ನೋಡಿ. ಸ್ವೆಟರ್, ಕಾಲ್ಗಡಗ ಬಿಚ್ಚಿಸಿ. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿಯೇ ಉದ್ದ ಅಳೆಯಬೇಕು. ಅಳುವ ಮಗುವನ್ನು ಎತ್ತಿಕೊಳ್ಳುವುದಕ್ಕೆ ಇನ್ನೊಂದು ಕೈ ಇದ್ದರೂ ಟೀಚರಮ್ಮನಿಗೆ ಎಷ್ಟೋ ಹಗುರ. ಮುಗಿದ ಮೇಲೆ "ಈ ತಿಂಗಳು ಯಾರು ಇಳಿದಿದ್ದಾರೆ, ಯಾರ ಮನೆಗೆ ಹೋಗೋಣ?" ಅಂತ ಕೇಳಿ.

ಮನೆಗೆ ಹೋದಾಗ ತನಿಖೆಗೆ ಬಂದವರ ಹಾಗೆ ಮಾತಾಡಬೇಡಿ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳ ಆಹಾರವನ್ನು ಮನೆಗೇ ಕೊಡುತ್ತಾರೆ. ಅದು ಒಲೆ ಹತ್ತಿರ ಹೋದಮೇಲೆ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ. ಅದು ಕಳ್ಳತನವಲ್ಲ, ಆ ಮನೆಯಲ್ಲಿ ಹಸಿವು ಇದೆ ಅಂತ ತಿಳಿಯಬೇಕು. ನನ್ನ ಕಾಲದಲ್ಲಿ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಅನ್ನುವುದು ಒಂದು ಮಗುವಿನ ಲೆಕ್ಕವಾಗಿತ್ತು, ತೀವ್ರ ಅಪೌಷ್ಟಿಕ ಮಗುವಿಗೆ 800 ಕ್ಯಾಲೊರಿ. ನಾಲ್ಕು ಬಾಯಿಗೆ ಹಂಚಿದರೆ ಎಲ್ಲಿ ಸಾಲುತ್ತದೆ?

ಬಾಣಂತಿಯರದೂ ಇಂಥದೇ ಕಥೆ. ಗರ್ಭಿಣಿಯರು, ಬಾಣಂತಿಯರು ಕೇಂದ್ರಕ್ಕೇ ಬಂದು ಬಿಸಿಯೂಟ ಮಾಡಬೇಕು ಅನ್ನುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂತು. ಒಳ್ಳೆಯ ಊಟ, ನಾನೇ ಎಷ್ಟೋ ಕಡೆ ತಿಂದಿದ್ದೇನೆ. ಆದರೆ ಹಸಿ ಬಾಣಂತಿಯನ್ನು ಹೊಸಿಲು ದಾಟಿಸದ ಮನೆಗಳಲ್ಲಿ ಅತ್ತೆಯ ಜೊತೆ ಯಾರು ಮಾತಾಡಬೇಕು? ಹೊರಗಿನಿಂದ ಬಂದ ನಾನು ಹೇಳಿದರೆ ತಲೆಯಾಡಿಸಿ ಕಳಿಸುತ್ತಿದ್ದರು. ಅದೇ ಬೀದಿಯವರು ಹೇಳಿದರೆ ಜಗಳವಾಡಿಯಾದರೂ ಕೇಳಿಸಿಕೊಳ್ಳುತ್ತಿದ್ದರು.

ಅಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳದೆ ಕೇಳದೆ ಒಂದು ದಿನ ಹೋಗಿ ಮಕ್ಕಳ ಜೊತೆ ಉಣ್ಣಿ, ಹಾಲು ಲೋಟಕ್ಕೆ 150 ಮಿ.ಲೀ. ಇದೆಯಾ, ನೀರಾಗಿದೆಯಾ ನೋಡಿ. ಕಡಿಮೆ ಕಂಡರೆ ಸಹಾಯಕಿಯ ಮೇಲೆ ಹರಿಹಾಯುವ ಮೊದಲು ಹಾಲಿನ ಪುಡಿ ಯಾವತ್ತು ಬಂದಿತ್ತು ಅಂತ ಕೇಳಿ. ಎಷ್ಟೋ ಸಲ ದಾಸ್ತಾನೇ ಬಂದಿರುವುದಿಲ್ಲ. ಆಗ ಸಮಿತಿಯ ನಡಾವಳಿಯಲ್ಲಿ ತಾರೀಖು ಸಮೇತ ಬರೆಸಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕಾರ್ಯಕರ್ತೆ ಒಬ್ಬರೇ ಬರೆದರೆ ಅದು ದೂರು ಅನ್ನಿಸಿಕೊಳ್ಳುತ್ತದೆ. ನಿಮ್ಮ ಸಹಿ ಬೇಕಾಗಿರುವುದು ಅಲ್ಲಿ.