ರೋಬೊಟಿಕ್ ಲಿವರ್ ಸರ್ಜರಿ: ಹೊರಗಿನ ಗಾಯ ಚಿಕ್ಕದು, ಒಳಗಿನದು?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿತ್ತು. ಕೀಮೋಥೆರಪಿ ಮುಗಿದಿದೆ. ಲಿವರ್‌ನ ಬಲಭಾಗ ಪೂರ್ತಿ ತೆಗೆಯಬೇಕು, ರೋಬೊಟಿಕ್ ವಿಧಾನದಲ್ಲಿ ಮಾಡಬಹುದು ಎಂದಿದ್ದಾರೆ. ರೋಬೊ ತಾನಾಗಿಯೇ ಆಪರೇಷನ್ ಮಾಡುತ್ತದೆಯೇ? ಅಷ್ಟು ಲಿವರ್ ತೆಗೆದ ಮೇಲೆ ಅಪ್ಪ ಚೇತರಿಸಿಕೊಳ್ಳುತ್ತಾರೆಯೇ?

ಉತ್ತರ: ರೋಬೊ ತಾನಾಗಿ ಏನನ್ನೂ ಮಾಡುವುದಿಲ್ಲ. ಸರ್ಜನ್ ಕನ್ಸೋಲ್ (ರೋಬೊವನ್ನು ನಿಯಂತ್ರಿಸುವ ಯಂತ್ರ) ಮುಂದೆ ಕೂತು ಕೈ ಆಡಿಸಿದಂತೆ ಒಳಗೆ ಉಪಕರಣಗಳು ಆಡುತ್ತವೆ, ಅಷ್ಟೆ. ಸುಮಾರು 8 ಮಿ.ಮೀ. ಅಗಲದ ಕೆಲವು ರಂಧ್ರಗಳು, ತೆಗೆದ ಭಾಗವನ್ನು ಹೊರತರಲು ಕಿಬ್ಬೊಟ್ಟೆಯಲ್ಲಿ ಸಾಮಾನ್ಯವಾಗಿ ಇನ್ನೊಂದು ಸೀಳು. ಉಪಕರಣದ ತುದಿ ಮಣಿಕಟ್ಟಿನಂತೆ ತಿರುಗುವುದರಿಂದ ಲಿವರ್‌ನ ಹಿಂಬದಿಯಂಥ ಇಕ್ಕಟ್ಟಿನ ಜಾಗದಲ್ಲೂ, ರಕ್ತ ಜಿನುಗುವ ನಾಳಕ್ಕೂ ಹೊಲಿಗೆ ಹಾಕುವುದು ಲ್ಯಾಪರೊಸ್ಕೋಪಿಗಿಂತ (ರೋಬೊ ಇಲ್ಲದೆ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಸುಲಭ.

ಆದರೆ ಚೇತರಿಕೆ ನಿರ್ಧಾರವಾಗುವುದು ಯಂತ್ರದಿಂದಲ್ಲ, ಒಳಗೆ ಉಳಿಯುವ ಲಿವರ್‌ನಿಂದ. ಬಲಭಾಗವೆಂದರೆ ಲಿವರ್‌ನ ಅರ್ಧಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಶೇ 60ರ ಆಸುಪಾಸು. ಆರೋಗ್ಯವಂತ ಲಿವರ್ ಆದರೆ ಶೇ 20ರಿಂದ 25ರಷ್ಟು ಉಳಿದರೂ ಸಾಕು. ದೀರ್ಘಕಾಲ ಕೀಮೋ ಪಡೆದಿದ್ದರೆ ಶೇ 30 ಬೇಕು, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ರೋಗ) ಇದ್ದರೆ ಶೇ 40. ಆದ್ದರಿಂದ ಸಿ.ಟಿ. ಸ್ಕ್ಯಾನ್‌ನಲ್ಲಿ ಉಳಿಯುವ ಭಾಗದ ಗಾತ್ರ ಎಷ್ಟು ಬಂದಿದೆ ಎಂದು ಮೊದಲು ಕೇಳಿ. ಸಾಲದಿದ್ದರೆ ಬಲಭಾಗಕ್ಕೆ ಹೋಗುವ ಪೋರ್ಟಲ್ ರಕ್ತನಾಳವನ್ನು (ಕರುಳಿನಿಂದ ಲಿವರ್‌ಗೆ ರಕ್ತ ತರುವ ನಾಳ) ಮುಚ್ಚಿ, ಎಡಭಾಗ ಬೆಳೆಯಲು ನಾಲ್ಕರಿಂದ ಆರು ವಾರ ಕಾಯುತ್ತಾರೆ. ಈ ಕಾಯುವಿಕೆಯಲ್ಲಿ ಮನೆಯವರು ಕಂಗಾಲಾಗುವುದುಂಟು. ಅದು ವಿಳಂಬವಲ್ಲ, ಚಿಕಿತ್ಸೆಯೇ.

ಕತ್ತರಿಸಿದ ಭಾಗ ಮತ್ತೆ ಚಿಗುರುವುದಿಲ್ಲ. ಉಳಿದ ಭಾಗದ ಜೀವಕೋಶಗಳೇ ಹೆಚ್ಚಿ, ಅದು ಹಿಗ್ಗುತ್ತದೆ. ಬೆಳವಣಿಗೆಯ ಬಹುಪಾಲು ಮೊದಲ ಕೆಲವು ವಾರಗಳಲ್ಲೇ ಆಗುತ್ತದೆ. ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಸಾಗುತ್ತದೆ.

ಎಲ್ಲ ಸರಿಯಾಗಿ ನಡೆದರೆ ಮರುದಿನವೇ ಎಬ್ಬಿಸಿ ನಡೆಸುತ್ತಾರೆ, ಬೇಗನೆ ಊಟವನ್ನೂ ಕೊಡುತ್ತಾರೆ. ಹೊಟ್ಟೆ ಪೂರ್ತಿ ತೆರೆದು ಮಾಡಿದ್ದಕ್ಕಿಂತ ನೋವು ಕಡಿಮೆ, ಸಾಮಾನ್ಯವಾಗಿ ಮನೆಗೂ ಬೇಗ. ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ), ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಮೊದಲ ಒಂದೆರಡು ದಿನ ಏರುವುದು ಸಹಜ. ಐದನೇ ದಿನದ ಹೊತ್ತಿಗೆ ಇಳಿಯುತ್ತಿರಬೇಕು. ಪಿತ್ತರಸ ಸೋರುವುದು ಈ ಆಪರೇಷನ್ನಿನ ಪರಿಚಿತ ತೊಡಕು. ರೋಬೊ ಬಳಸಿದ ಮಾತ್ರಕ್ಕೆ ಅದು ತಪ್ಪುವುದಿಲ್ಲ, ಆದರೆ ಬಹುಪಾಲು ಟ್ಯೂಬ್ ಇಟ್ಟು ಹೊರಹರಿಸಿದರೆ ವಾಸಿಯಾಗುತ್ತದೆ.

ಸರ್ಜನ್‌ಗೆ ಇನ್ನೊಂದು ಪ್ರಶ್ನೆ ಕೇಳಿ: ಇಷ್ಟು ದೊಡ್ಡ ಭಾಗವನ್ನು ರೋಬೊಟಿಕ್‌ನಲ್ಲಿ ಎಷ್ಟು ಸಲ ತೆಗೆದಿದ್ದೀರಿ? ಕೇಳಲು ಸಂಕೋಚ ಬೇಡ. ತೆರೆದ ಆಪರೇಷನ್ನಿನಲ್ಲಿ ಪಳಗಿದ ಕೈ, ಹೊಸ ಯಂತ್ರದ ಮುಂದೆ ಕೂತ ಹೊಸ ಕೈಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ರಕ್ತಸ್ರಾವವಾಗಿ ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದನ್ನು ಸೋಲೆಂದು ತಿಳಿಯಬೇಡಿ.

ಪ್ರಶ್ನೆ: ರೋಬೊಟಿಕ್ ಲಿವರ್ ಆಪರೇಷನ್ ಆಗಿ ಮೂರು ವಾರ. ಗಾಯ ಒಣಗಿದೆ, ಆದರೆ ಮಧ್ಯಾಹ್ನದ ಹೊತ್ತಿಗೆ ಮೈಯಲ್ಲಿ ತ್ರಾಣವೇ ಇರುವುದಿಲ್ಲ. ಏನೋ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಚರ್ಮದ ಗಾಯ ಚಿಕ್ಕದಾದರೂ ಒಳಗೆ ಕತ್ತರಿಸಿದ ಮೇಲ್ಮೈ ದೊಡ್ಡದೇ. ಜೊತೆಗೆ ಲಿವರ್ ಬೆಳೆಯುತ್ತಿದೆ, ಅದಕ್ಕೆ ಶಕ್ತಿ, ಪ್ರೋಟೀನ್ ಬೇಕು. ಈ ಸುಸ್ತು ಒಂದೆರಡು ತಿಂಗಳಾದರೂ ಇರಬಹುದು. ದಿನವೂ ನಡೆಯಿರಿ, ದಣಿವಾದಾಗ ಮಲಗಿ. ಆರು ವಾರ ಭಾರ ಎತ್ತಬೇಡಿ. ಮದ್ಯ ಬೇಡ. ‘ಲಿವರ್‌ಗೆ ಒಳ್ಳೆಯದು’ ಎಂದು ಯಾರೋ ಕೊಟ್ಟ ಗಿಡಮೂಲಿಕೆಯೂ ಬೇಡ. ಪ್ಯಾರಸಿಟಮಾಲ್ ಎಷ್ಟು ತೆಗೆದುಕೊಳ್ಳಬಹುದೆಂದು ವೈದ್ಯರನ್ನೇ ಕೇಳಿ. ಜ್ವರ, ಕಣ್ಣು ಹಳದಿಯಾಗುವುದು, ಹೊಟ್ಟೆ ಉಬ್ಬುವುದು, ಒಂದೇ ಕಾಲು ಊದುವುದು, ಮಾತಿನಲ್ಲಿ ಗೊಂದಲ, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.