ಮಳೆಗಾಲದಲ್ಲಿ ಮಗು ದಿನವಿಡೀ ಮೊಬೈಲ್ ನೋಡಿದರೆ ಮಿದುಳಿಗೆ ತೊಂದರೆಯೇ?

ತೀರ್ಥಹಳ್ಳಿ ಕಡೆ ಜಡಿಮಳೆ, ಮೂರು ವರ್ಷದ ಮಗುವಿಗೆ ಹೊರಗೆ ಹೋಗಲಾಗದು, ಹಾಗಾಗಿ ಕೈಯಲ್ಲಿ ಸದಾ ಮೊಬೈಲ್ ಎಂದು ಕೇಳಿದ್ದೀರಿ.

ಮಿದುಳು ಹಾಳಾಗಿಯೇ ಹೋಗುತ್ತದೆ ಎನ್ನುವ ವಾಟ್ಸಾಪ್ ಸಂದೇಶಗಳನ್ನು ಪಕ್ಕಕ್ಕಿಡಿ. ಆದರೆ ದಿನವಿಡೀ ಅನ್ನೋದು ಖಂಡಿತ ಜಾಸ್ತಿ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ನನಗೆ ಚಿಂತೆ ಇರುವುದು ಮಾತುಕತೆ, ಆಟಕ್ಕೆ ಸಿಗಬೇಕಾದ ಸಮಯವನ್ನು ಮೊಬೈಲ್ ನುಂಗಿಬಿಡುವುದರ ಬಗ್ಗೆ. ಮೊದಲ ಕೆಲವು ವರ್ಷ ಮಿದುಳಿನ ನರಕೋಶಗಳ ನಡುವೆ ಸಂಪರ್ಕಗಳು ಭರದಿಂದ ಬೆಳೆಯುತ್ತವೆ. ಬಳಸಿದವು ಗಟ್ಟಿಯಾಗುತ್ತವೆ, ಬಳಸದವು ಕಳಚಿಹೋಗುತ್ತವೆ. ಮಾತು ಬರುವುದು ಮಾತಿಗೆ ಮಾತು ಸಿಕ್ಕಾಗ. ಮಗು "ಅದೇನು?" ಅಂದರೆ ಅಜ್ಜಿ ಉತ್ತರ ಕೊಡುತ್ತಾರೆ, ವಿಡಿಯೊ ಸುಮ್ನೆ ಓಡುತ್ತಲೇ ಇರುತ್ತದೆ, ಅಲ್ವಾ? ಅಮೆರಿಕದ ಸಿನ್ಸಿನಾಟಿಯಲ್ಲಿ 3ರಿಂದ 5 ವರ್ಷದ 47 ಮಕ್ಕಳ ಎಂಆರ್‌ಐ ಮಾಡಿ ನೋಡಿದರು. ಪರದೆ ಬಳಕೆ ಜಾಸ್ತಿ ಇದ್ದವರಲ್ಲಿ ಭಾಷೆಗೆ ಬೇಕಾದ ನರತಂತುಗಳ ಜೋಡಣೆ ಅಷ್ಟು ಚೆನ್ನಾಗಿರಲಿಲ್ಲ. ಸಣ್ಣ ಅಧ್ಯಯನ ಅದು. ಮೊಬೈಲೇ ಕಾರಣ ಅಂತ ಅದರಿಂದ ಹೇಳಲು ಬರುವುದಿಲ್ಲ.

ಮೊದಲು ಊಟದ ಹೊತ್ತಿನ ಮತ್ತು ಮಲಗುವ ಮುಂಚಿನ ಮೊಬೈಲ್ ಬಿಡಿಸಿ. ನಿದ್ದೆ ಕೆಟ್ಟರೆ ಕಲಿತದ್ದು ತಲೆಯಲ್ಲಿ ನಿಲ್ಲುವುದು ಕಷ್ಟ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಜೊತೆ ವಿಡಿಯೊ ಕಾಲ್ ಪರವಾಗಿಲ್ಲ, ಅಲ್ಲಿ ಮಾತುಕತೆ ಇದೆ (ನೆಟ್‌ವರ್ಕ್ ಸಿಕ್ಕರೆ!). ಜಗಲಿಯಲ್ಲಿ ಚೆನ್ನೆಮಣೆ ಹಾಕಿ ಕೂರಿಸಿ, ಕಾಳು ಬಾಯಿಗೆ ಹೋಗದಂತೆ ಪಕ್ಕದಲ್ಲೇ ಇರಿ. ಮಳೆ ಹೊಳವಾದಾಗ ಅಂಗಳಕ್ಕೆ ಬಿಡಿ, ಬಟ್ಟೆ ಕೆಸರಾದರೆ ಆಗಲಿ.