ದುಡ್ಡು ಯಾರ ಜೇಬಿನಿಂದ ಬರುತ್ತದೆ?

ಓದುಗರೊಬ್ಬರ ಪತ್ರದಿಂದ: "ಚಿತ್ರ ಬರೆಯುತ್ತೇನೆ. ಸಣ್ಣ ಕತೆ ಬರೆಯುತ್ತೇನೆ. ಆಗಾಗ ಒಂದು ಟ್ಯೂನ್ ಕಟ್ಟಿ ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ಎರಡು ವರ್ಷದಿಂದ ಎಲ್ಲವನ್ನೂ ಆನ್‌ಲೈನಿನಲ್ಲಿ ಆರು ಕಡೆ ಹಾಕಿದ್ದೇನೆ. ಮೆಚ್ಚುಗೆ ಬಂತು, ದುಡ್ಡು ಬರಲಿಲ್ಲ. ಗೆಳೆಯರು ವಿಡಿಯೋ ಮಾಡು ಅನ್ನುತ್ತಾರೆ. ಯಾವ ಮಾಧ್ಯಮದಲ್ಲಿ ದುಡ್ಡಿದೆ ಹೇಳಿ, ಉಳಿದ ಎರಡನ್ನು ಬಿಟ್ಟುಬಿಡುತ್ತೇನೆ. ಕಲೆಗೆ ದುಡ್ಡು ಕೇಳುವುದೇ ತಪ್ಪೇನೋ ಅಂತಲೂ ಅನ್ನಿಸುತ್ತಿದೆ."

ಪ್ರಿಯ ಓದುಗರೇ,

ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ತಪ್ಪಲ್ಲ. ಒಂದು ಚಿತ್ರಕ್ಕೆ ಮೂರು ಸಂಜೆ ಹಿಡಿಯುತ್ತದೆ ಅಂತ ನೀವೇ ಬರೆದಿದ್ದೀರಿ. ಬಣ್ಣ, ಕಾಗದ, ಇಂಟರ್ನೆಟ್ ಎಲ್ಲಕ್ಕೂ ನೀವು ದುಡ್ಡು ಕೊಡುತ್ತೀರಿ. ಬಣ್ಣ ಮಾರುವವರಿಗೆ ಇಲ್ಲದ ಸಂಕೋಚ ಬಣ್ಣ ಹಚ್ಚುವವರಿಗೆ ಯಾಕಿರಬೇಕು? ಈ ಸಂಕೋಚದಿಂದಲೇ ಕೈ ಬಿಟ್ಟ ಒಳ್ಳೆಯ ಬರಹಗಾರರನ್ನು, ಚಿತ್ರಗಾರರನ್ನು ನಾನು ಈ ಮೇಜಿನ ಮುಂದೆ ಕೂತು ಎಷ್ಟೋ ಜನ ನೋಡಿದ್ದೇನೆ. ನೀವು ಆ ಸಾಲಿಗೆ ಸೇರುವುದು ಬೇಡ.

ಇನ್ನು ಯಾವ ಮಾಧ್ಯಮ ಅನ್ನುವ ಪ್ರಶ್ನೆ. ಚಿತ್ರದಿಂದ ಬದುಕುವವರಿದ್ದಾರೆ, ಕತೆಯಿಂದ ಬದುಕುವವರಿದ್ದಾರೆ, ಸಂಗೀತದಿಂದ, ವಿಡಿಯೋದಿಂದ ಬದುಕುವವರೂ ಇದ್ದಾರೆ. ನಾಲ್ಕರಲ್ಲೂ ಏನೂ ಸಿಗದೆ ಸುಸ್ತಾದವರೂ ಇದ್ದಾರೆ. ಹಾಗಾಗಿ ಆ ಪ್ರಶ್ನೆಯನ್ನು ಸ್ವಲ್ಪ ಬದಿಗಿಡೋಣ. ಒಂದು ಹಾಳೆ ತೆಗೆದುಕೊಳ್ಳಿ. ನೀವು ಕೆಲಸ ಹಾಕಿರುವ ಆರೂ ಕಡೆಯ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ವಿಷಯ ಬರೆಯಿರಿ: ಇಲ್ಲಿ ದುಡ್ಡು ಕೊಡುವವರು ಯಾರು? ಜಾಹೀರಾತು ಕೊಡುವ ಕಂಪನಿಯೇ? ತಿಂಗಳ ಚಂದಾ ಕಟ್ಟುವ ಲಕ್ಷಾಂತರ ಜನವೇ? ತನ್ನ ಕೆಲಸಕ್ಕೆ ಒಂದು ಚಿತ್ರ ಬೇಕಾದ ಅಪರಿಚಿತರೇ? ಅಥವಾ ನಿಮ್ಮ ಕೆಲಸವನ್ನೇ ಹುಡುಕಿಕೊಂಡು ಬಂದವರೇ? ಈ ನಾಲ್ವರಿಗೂ ಬೇಕಾದದ್ದು ಬೇರೆ ಬೇರೆ. ಎರಡು ವರ್ಷ ನೀವು ನಾಲ್ವರಿಗೂ ಒಂದೇ ಸಾಮಾನು ತೋರಿಸುತ್ತಾ ಬಂದಿದ್ದೀರಿ ಅಂತ ನನಗೆ ಅನ್ನಿಸುತ್ತದೆ.

ವಿಡಿಯೋದಿಂದ ಶುರು ಮಾಡೋಣ, ಗೆಳೆಯರು ಅದನ್ನೇ ಹೇಳುತ್ತಿದ್ದಾರಲ್ಲ. ಯೂಟ್ಯೂಬ್ 2007ರಿಂದ ಜಾಹೀರಾತಿನ ಹಣವನ್ನು ವಿಡಿಯೋ ಮಾಡುವವರ ಜೊತೆ ಹಂಚಿಕೊಳ್ಳುತ್ತಿದೆ. ಆ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳು ಬೇಕು. ಜೊತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಸಣ್ಣ ವಿಡಿಯೋಗಳಾದ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬೊಬ್ಬರು ಮೂರು ನಿಮಿಷ ನೋಡಿದರೂ 80,000 ಸಲ ನಿಮ್ಮ ವಿಡಿಯೋ ಓಡಬೇಕು. ಅಲ್ಲಿಗೆ ಬಾಗಿಲು ತೆರೆಯಿತು, ಅಷ್ಟೇ. ಒಳಗೆ ಹೋದ ಮೇಲೆ ಉದ್ದದ ವಿಡಿಯೋದ ಜಾಹೀರಾತಿನಲ್ಲಿ 55% ನಿಮಗೆ, ಶಾರ್ಟ್ಸ್‌ನಲ್ಲಿ ನಿಮ್ಮ ಪಾಲಿಗೆ ಲೆಕ್ಕ ಹಾಕಿದ ಮೊತ್ತದ 45%.

ಪಾಲು ಕೇಳಲು ಚೆನ್ನಾಗಿದೆ. ಆದರೆ ಜಾಹೀರಾತುದಾರರು ಕೊಳ್ಳುವುದು ನಿಮ್ಮ ಚಿತ್ರವನ್ನಲ್ಲ, ಅದನ್ನು ನೋಡುತ್ತಿರುವ ಕಣ್ಣನ್ನು. ಸಾಲ, ವಿಮೆ, ಹೂಡಿಕೆ ಬಗ್ಗೆ ಮಾತಾಡುವ ವಿಡಿಯೋಗೆ ಸಿಗುವ ದರ, ಅಷ್ಟೇ ಜನ ನೋಡಿದ ಚಿತ್ರಕಲೆಯ ವಿಡಿಯೋಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಬೆಲೆ ಕಟ್ಟುವುದು ನಿಮ್ಮ ಕೈಯಲ್ಲಿ ಇಲ್ಲ. ಮೇಲಾಗಿ ವಿಡಿಯೋ ಅನ್ನುವುದು ಚಿತ್ರಕ್ಕೆ ಅಂಟಿಸಿಕೊಳ್ಳುವ ಬಾಲ ಅಲ್ಲ, ಅದೇ ಒಂದು ಪೂರ್ತಿ ಕಸುಬು. ಎಡಿಟಿಂಗ್, ದನಿ, ಬೆಳಕು ಎಲ್ಲ ಕಲಿಯಬೇಕು. ನಿಮಗೆ ಅದು ಇಷ್ಟವಾದರೆ ಖಂಡಿತ ಮಾಡಿ. ಇಷ್ಟವಿಲ್ಲದೆ ದುಡ್ಡಿಗಾಗಿ ಮಾತ್ರ ಶುರು ಮಾಡಿದರೆ 80,000 ಆಗುವಷ್ಟರಲ್ಲಿ ಚಿತ್ರ ಬರೆಯುವ ಆಸೆಯೂ ಹೋಗಿಬಿಡುತ್ತದೆ. ನನ್ನ ಭಯ ಅದೇ.

ಬಹುಪಾಲು ಸಂಗೀತದ ಆ್ಯಪ್‌ಗಳ ಲೆಕ್ಕ ಇನ್ನೊಂದು ಥರ. ಕೇಳುಗರು ಕಟ್ಟುವ ಚಂದಾ ಮತ್ತು ಜಾಹೀರಾತಿನ ಹಣ ಒಂದೇ ದೊಡ್ಡ ಪಾತ್ರೆಗೆ ಬೀಳುತ್ತದೆ. ಅಲ್ಲಿ ಓಡಿದ ಒಟ್ಟು ಹಾಡುಗಳಲ್ಲಿ ನಿಮ್ಮದು ಎಷ್ಟು ಓಡಿತೋ ಅಷ್ಟು ಭಾಗ ನಿಮ್ಮ ಕಡೆ ಬರುತ್ತದೆ. ಒಬ್ಬರು ಇಡೀ ತಿಂಗಳು ನಿಮ್ಮ ಟ್ಯೂನ್ ಒಂದನ್ನೇ ಕೇಳಿದರೂ ಅವರ ಚಂದಾ ನೇರವಾಗಿ ನಿಮಗೆ ಬರುವುದಿಲ್ಲ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲ ಓಡದ ಹಾಡಿಗೆ ಏನೂ ಇಲ್ಲ. ನಿಮ್ಮ ಒಂಬತ್ತು ಟ್ಯೂನ್‌ಗಳಲ್ಲಿ ಎಂಟು ಆ ಗೆರೆಯ ಕೆಳಗಿವೆ. ಅದಕ್ಕೇ ಸೊನ್ನೆ ಕಾಣುತ್ತಿದೆ, ನಿಮ್ಮ ಸಂಗೀತ ಕೆಟ್ಟದ್ದಂತಲ್ಲ. ಅಲ್ಲಿಗೆ ಹಾಡು ತಲುಪಿಸುವ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಕೆಲವರು ವರ್ಷ ವರ್ಷ ಶುಲ್ಕ ಕೇಳುತ್ತಾರೆ, ಕಟ್ಟುವುದು ನಿಲ್ಲಿಸಿದರೆ ಹಾಡನ್ನು ತೆಗೆದುಬಿಡುವವರೂ ಇದ್ದಾರೆ. ನಿಮ್ಮವರ ಷರತ್ತು ಇನ್ನೊಮ್ಮೆ ಓದಿ.

ಅದೇ ಟ್ಯೂನ್‌ಗಳನ್ನು, ಕೇಳುಗರು ಕಲಾವಿದರಿಂದ ನೇರವಾಗಿ ಹಾಡು ಕೊಳ್ಳುವ ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಇಟ್ಟರೆ ಕೊಳ್ಳುವವರು ಒಂದು ಆಲ್ಬಂ ಅಂತ ಕೊಳ್ಳುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು 15%. ಬೆಲೆ ನೀವೇ ಇಡುತ್ತೀರಿ, ಇಷ್ಟವಿದ್ದವರು ಅದಕ್ಕಿಂತ ಜಾಸ್ತಿ ಕೊಡುವುದಕ್ಕೂ ದಾರಿ ಇದೆ. ಸಾವಿರ ಸಲ ಓಡುವುದಕ್ಕೆ ಕಾಯುವುದಕ್ಕಿಂತ ಹತ್ತು ಜನ ಕೊಂಡರೆ ಸಾಕು ಅನ್ನುವ ಲೆಕ್ಕ ಇದು.

ಸ್ಟಾಕ್ ಚಿತ್ರಗಳ ಬಗ್ಗೆ, ಅಂದರೆ ಬೇಕಾದವರು ದುಡ್ಡು ಕೊಟ್ಟು ಬಳಸಲಿ ಅಂತ ಮೊದಲೇ ಮಾಡಿಟ್ಟ ಚಿತ್ರಗಳ ಬಗ್ಗೆ, ಜಾಸ್ತಿ ಹೇಳುವುದಿಲ್ಲ. ಶಟರ್‌ಸ್ಟಾಕ್‌ನಲ್ಲಿ ಚಿತ್ರ ಕೊಟ್ಟವರ ಪಾಲು 15%ರಿಂದ 40%ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾರೆ. ಅಲ್ಲಿಗೆ ಬರುವವರಿಗೆ ಸುಂದರ ಚಿತ್ರ ಬೇಕಿಲ್ಲ, ಬಳಸಲು ಬರುವ ಚಿತ್ರ ಬೇಕು. ಒಂದು ಮೂಲೆಯಲ್ಲಿ ಅಕ್ಷರ ಬರೆಯಲು ಖಾಲಿ ಜಾಗ ಇರಬೇಕು. ನೀವು ಬರೆದ ಮುಖಗಳು, ಪತ್ರದ ಜೊತೆ ಕಳಿಸಿದ ಚಿತ್ರದ ಆ ಮುದುಕಿಯ ಕೈಗಳು ಅಲ್ಲಿ ಸುಮ್ನೆ ಕೂತಿರುತ್ತವೆ. ನೀವು ಬಿಡುವಿನಲ್ಲಿ ಬರೆಯುವ ಎಲೆ ಬಳ್ಳಿಯ ವಿನ್ಯಾಸಗಳು ಬೇಕಾದರೆ ಓಡಬಹುದು.

ಕತೆಗೆ ಬರೋಣ. ಇಲ್ಲಿ ನೀವು ಮಾಡಿರುವ ಒಂದು ತಪ್ಪು ನನಗೆ ನಿಚ್ಚಳವಾಗಿ ಕಾಣುತ್ತಿದೆ. ಅಮೆಜಾನಿನ ಇ-ಪುಸ್ತಕದ ಅಂಗಡಿಯಾದ ಕಿಂಡಲ್‌ನಲ್ಲಿ ಒಂದೊಂದು ಕತೆಯನ್ನೂ ಬೇರೆ ಬೇರೆ ಇ-ಪುಸ್ತಕ ಮಾಡಿ 0.99 ಡಾಲರ್‌ಗೆ ಇಟ್ಟಿದ್ದೀರಿ. ಅವರ ಅಮೆರಿಕದ ಅಂಗಡಿಯಲ್ಲಿ 2.99ರಿಂದ 9.99 ಡಾಲರ್ ಒಳಗಿನ ಬೆಲೆಗೆ 70% ರಾಯಧನ ಆರಿಸಿಕೊಳ್ಳಬಹುದು. ಅದಕ್ಕಿಂತ ಕಡಿಮೆ ಬೆಲೆಗೆ 35% ಮಾತ್ರ. ನಿಮಗೆ ಒಂದು ಕತೆಗೆ ಸುಮಾರು 35 ಸೆಂಟ್ಸ್ ಸಿಗುತ್ತಿದೆ. ಎಂಟು ಕತೆ ಒಟ್ಟು ಮಾಡಿ 2.99ಕ್ಕೆ ಇಟ್ಟಿದ್ದರೆ ಒಂದು ಪ್ರತಿಗೆ ಸುಮಾರು 2.09 ಡಾಲರ್. ಆರು ಬಿಡಿ ಕತೆ ಮಾರಿದಷ್ಟು ಒಂದೇ ಸಂಕಲನದಿಂದ ಬರುತ್ತಿತ್ತು. ಆದರೆ ನೀವು ಚಿತ್ರಗಾರರೂ ಹೌದಲ್ವಾ, ಹಾಗಾಗಿ ಇನ್ನೊಂದು ಮಾತು. 70%ರ ದಾರಿಯಲ್ಲಿ ಫೈಲ್ ತಲುಪಿಸುವ ಖರ್ಚನ್ನು ಮೊದಲೇ ಕಳೆಯುತ್ತಾರೆ, ಒಂದು ಎಂಬಿಗೆ 15 ಸೆಂಟ್ಸ್. ಬರೀ ಅಕ್ಷರವಾದರೆ ಅದು ಲೆಕ್ಕಕ್ಕೇ ಬಾರದು. ಚಿತ್ರ ತುಂಬಿದ 10 ಎಂಬಿಯ ಪುಸ್ತಕವಾದರೆ 1.50 ಡಾಲರ್ ಅಲ್ಲೇ ಹೋಯಿತು, ನಿಮ್ಮ ಕೈಗೆ ಒಂದು ಡಾಲರ್ ಚಿಲ್ಲರೆ. ಚಿತ್ರ ತುಂಬಿದ ಕತೆ ಪುಸ್ತಕವನ್ನು ನೇರವಾಗಿ ಪಿಡಿಎಫ್ ಮಾಡಿ ಮಾರುವುದೇ ಮೇಲು.

ಹಾಗೇ, ಕಿಂಡಲ್‌ನವರದೇ ಕೆಡಿಪಿ ಸೆಲೆಕ್ಟ್ ಅನ್ನುವ ಯೋಜನೆಗೆ ಸೇರುವ ಮೊದಲು ಯೋಚಿಸಿ. ಸೇರಿದರೆ 90 ದಿನ ಆ ಇ-ಪುಸ್ತಕ ಡಿಜಿಟಲ್ ರೂಪದಲ್ಲಿ ಬೇರೆಲ್ಲೂ ಇರಬಾರದು. ನಿಮ್ಮ ಸ್ವಂತ ಪುಟದಲ್ಲೂ ಇರಬಾರದು. ನಿಮ್ಮ ಮೂರು ಕತೆ ಈಗಾಗಲೇ ಅಲ್ಲಿ ಉಚಿತವಾಗಿವೆ.

ಇಷ್ಟೂ ಹೇಳಿದ್ದು ನಾಲ್ಕನೆಯವರ, ಅಂದರೆ ನಿಮ್ಮ ಕೆಲಸವನ್ನೇ ಹುಡುಕಿಕೊಂಡು ಬಂದವರ, ಹತ್ತಿರ ಬರುವುದಕ್ಕೆ. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಬ್ರಾಕೆಟ್ಟಿನೊಳಗೆ, ಒಂದು ಸಾಲಿದೆ: "ಹನ್ನೊಂದು ಜನ ಇದರ ಪ್ರಿಂಟ್ ಸಿಗುತ್ತಾ ಅಂತ ಕೇಳಿದರು, ಏನು ಹೇಳಬೇಕೋ ತಿಳಿಯದೆ ಸುಮ್ಮನಾದೆ." ಇಡೀ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದೊಂದೇ. ಹನ್ನೊಂದು ಜನ ದುಡ್ಡು ಹಿಡಿದು ನಿಮ್ಮ ಬಾಗಿಲಿಗೆ ಬಂದಿದ್ದರು! ಯಾವ ಜಾಹೀರಾತೂ ಇಲ್ಲದೆ, ಯಾವ ಲೆಕ್ಕಾಚಾರವೂ ಇಲ್ಲದೆ ಬಂದಿದ್ದರು. ನೀವು ಮೆಚ್ಚುಗೆ ಎಣಿಸುತ್ತಿದ್ದಿರಿ, ಅವರನ್ನು ಎಣಿಸಲಿಲ್ಲ.

ಕೆವಿನ್ ಕೆಲಿ ಎಂಬ ಬರಹಗಾರ 2008ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ನೀವು ಏನು ಮಾಡಿದರೂ ಕೊಳ್ಳುವ ಸಾವಿರ ಜನ ಇದ್ದು, ಒಬ್ಬೊಬ್ಬರಿಂದ ವರ್ಷಕ್ಕೆ 100 ಡಾಲರ್ ಉಳಿದರೆ ಒಬ್ಬ ಕಲಾವಿದ ಬದುಕಬಹುದು ಅಂತ. ಸಾವಿರ ದೂರದ ಮಾತು, ಅದು ನನಗೂ ಗೊತ್ತು. ಆದರೆ ಲೆಕ್ಕದ ದಿಕ್ಕು ಸರಿಯಾಗಿದೆ. ಜಾಕ್ ಕಾಂಟೆ ಎಂಬ ಸಂಗೀತಗಾರ ಈ ದಿಕ್ಕಿನಲ್ಲೇ ನಡೆದರು. ಅವರ ವಿಡಿಯೋಗಳನ್ನು ತುಂಬಾ ಜನ ನೋಡುತ್ತಿದ್ದರು, ಜಾಹೀರಾತಿನಿಂದ ಬರುತ್ತಿದ್ದದ್ದು ಮಾತ್ರ ತೀರಾ ಕಡಿಮೆ. 2013ರಲ್ಲಿ ಗೆಳೆಯ ಸ್ಯಾಮ್ ಯಾಮ್ ಜೊತೆ ಪೇಟ್ರಿಯಾನ್ ಕಟ್ಟಿದರು. ಇಷ್ಟಪಟ್ಟವರು ತಿಂಗಳು ತಿಂಗಳು ನೇರವಾಗಿ ಕೊಡುವ ವ್ಯವಸ್ಥೆ ಅದು. ಬರಹಕ್ಕೆ ಸಬ್‌ಸ್ಟ್ಯಾಕ್ ಇದೆ, ಚಂದಾದಲ್ಲಿ ಅವರ ಪಾಲು 10%. ಒಂದೇ ಪುಸ್ತಕಕ್ಕೆ ಮುಂಗಡ ಬೇಕಿದ್ದರೆ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಇದೆ, ಗುರಿ ಮುಟ್ಟದಿದ್ದರೆ ಕೊಟ್ಟವರ ಹಣ ಕಡಿತವಾಗುವುದೇ ಇಲ್ಲ. ತಿಂಗಳ ಚಂದಾ ನಿಮಗೆ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಪ್ರತಿ ತಿಂಗಳೂ ಏನಾದರೂ ಕೊಡಲೇಬೇಕು ಅನ್ನುವ ಹೊರೆ ತಲೆ ಮೇಲೆ ಬರುತ್ತದೆ. ಮೂರು ಸಂಜೆಗೆ ಒಂದು ಚಿತ್ರ ಬರೆಯುವವರಿಗೆ ಅದು ಭಾರ.

ಮೊದಲು ಆ ಹನ್ನೊಂದು ಜನರಿಗೆ ಉತ್ತರ ಬರೆಯಿರಿ, ಈ ವಾರವೇ. ತಡವಾಯಿತು ಅಂತ ಕ್ಷಮೆ ಕೇಳಿ, ಬೆಲೆ ಹೇಳಿ, ಇಮೇಲ್ ವಿಳಾಸ ಕೇಳಿ. ಪ್ರಿಂಟಿನ ಖರ್ಚು, ಪ್ಯಾಕಿಂಗ್, ಅಂಚೆ, ನಿಮ್ಮ ಸಮಯ ನಾಲ್ಕನ್ನೂ ಕೂಡಿಸಿ ಬೆಲೆ ಇಡಿ. ಸಮಯವನ್ನು ಬಿಡಬೇಡಿ, ಎಲ್ಲರೂ ಬಿಡುವುದು ಅದನ್ನೇ. ವಿಳಾಸಗಳನ್ನು ನಿಮ್ಮದೇ ಒಂದು ಕಡೆ ಬರೆದಿಡಿ. ವೈನ್ ಎಂಬ ಸಣ್ಣ ವಿಡಿಯೋಗಳ ಆ್ಯಪ್ ನೆನಪಿದೆಯಾ? ಮುಚ್ಚುತ್ತೇವೆ ಅಂತ 2016ರ ಅಕ್ಟೋಬರ್‌ನಲ್ಲಿ ಹೇಳಿದರು, 2017ರ ಜನವರಿಯಲ್ಲಿ ಮುಗಿಯಿತು. ಅಲ್ಲಿ ಲಕ್ಷಗಟ್ಟಲೆ ಫಾಲೋವರ್‌ಗಳಿದ್ದವರು ಬೇರೆ ಕಡೆ ಮತ್ತೆ ಜನರನ್ನು ಕೂಡಿಸಬೇಕಾಯಿತು. ಇಮೇಲ್ ಪಟ್ಟಿ ಇದ್ದಿದ್ದರೆ ಒಂದು ಪತ್ರದಲ್ಲಿ ಮುಗಿಯುವ ಕೆಲಸ ಅದು.

ಎರಡನ್ನು ಬಿಡುತ್ತೇನೆ ಅಂದಿರಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನೀವು ಮೂರು ಅಂಗಡಿ ತೆರೆದಿದ್ದೀರಿ, ಅದೇ ತೊಂದರೆ. ಮೂರನ್ನೂ ಒಂದೇ ಕೆಲಸಕ್ಕೆ ಹಾಕಿ ನೋಡಿ. ಒಂದು ಕತೆ, ಅದಕ್ಕೆ ಎಂಟು ಚಿತ್ರ, ನಿಮ್ಮದೇ ದನಿಯಲ್ಲಿ ಓದು, ಹಿಂದೆ ನಿಮ್ಮದೇ ಟ್ಯೂನ್. ಪುಸ್ತಕವಾಗಿ ಮಾರುವುದು ಅದನ್ನೇ, ಪ್ರಿಂಟ್ ಆಗುವುದೂ ಅದರ ಚಿತ್ರಗಳೇ. ಎರಡು ನಿಮಿಷದ ತುಣುಕನ್ನು ಯೂಟ್ಯೂಬಿಗೆ ಹಾಕಿ, ದುಡ್ಡಿಗಲ್ಲ, ಬೋರ್ಡಿನ ಥರ, ಜನ ದಾರಿ ಕಂಡುಕೊಳ್ಳಲಿ ಅಂತ. ಟ್ಯೂನ್ ನಿಮ್ಮದೇ ಆಗಿರುವುದರಿಂದ ಇನ್ನೊಂದು ಅನುಕೂಲ ಇದೆ. ಬೇರೆಯವರ ಸಂಗೀತ ಹಾಕಿದರೆ ಯೂಟ್ಯೂಬಿನ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಅದನ್ನು ಗುರುತಿಸಿ, ಜಾಹೀರಾತಿನ ಹಣ ಆ ಹಾಡಿನ ಮಾಲೀಕರಿಗೆ ಹೋಗುವಂತೆ ಮಾಡಬಹುದು.

ಈಗ ಹಕ್ಕಿನ ಮಾತು. ನನಗೆ ಇದು ನೋವಿನ ವಿಷಯ, ಹೇಳಲೇಬೇಕು. ಬರೆಯಲು ಶುರು ಮಾಡಿದ ದಿನಗಳಲ್ಲಿ ನನ್ನ ಒಂದು ಧಾರಾವಾಹಿಗೆ ಪ್ರಕಾಶಕರೊಬ್ಬರು ಒಂದು ಪುಟದ ಕಾಗದ ಕೊಟ್ಟರು. ಪ್ರಕಟವಾಗುವ ಖುಷಿಯಲ್ಲಿ ಓದದೆ ಸಹಿ ಹಾಕಿದೆ. 'ಎಲ್ಲ ರೂಪಗಳಲ್ಲಿ, ಶಾಶ್ವತವಾಗಿ' ಅಂತ ಅದರಲ್ಲಿತ್ತು. ವರ್ಷಗಳ ಮೇಲೆ ಅದು ಆಡಿಯೋ ಆಗಿ ಬಂತು. ಯಾರೋ ಓದುವುದನ್ನು ಕೇಳಿದಾಗಲೇ ನನಗೆ ತಿಳಿದದ್ದು. ಒಂದು ಪೈಸೆ ಬರಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ. ಆ ಕತೆಯನ್ನು ಇವತ್ತಿಗೂ ನನ್ನದು ಅಂತ ಎಲ್ಲೂ ಹಾಕಲಾರೆ.

ಕೃತಿಗಳ ಹಕ್ಕಿನ ಬಗ್ಗೆ ದೇಶಗಳು 1886ರಲ್ಲಿ ಮಾಡಿಕೊಂಡ ಬರ್ನ್ ಒಪ್ಪಂದಕ್ಕೆ 1908ರಲ್ಲಿ ಸೇರಿದ ತತ್ವ ಇದು: ಕೃತಿ ಹುಟ್ಟಿದಾಗಲೇ ಅದರ ಹಕ್ಕು ಮಾಡಿದವರಿಗೆ ಬರುತ್ತದೆ, ನೋಂದಣಿ ಬೇಕಿಲ್ಲ. ಜಗತ್ತಿನ ಬಹುಪಾಲು ದೇಶಗಳು ಅದರಲ್ಲಿವೆ. ಆದ್ದರಿಂದ ಹಕ್ಕು ಹೋಗುವುದು ಬಹುಮಟ್ಟಿಗೆ ನಾವೇ ಸಹಿ ಹಾಕಿ ಕೊಟ್ಟಾಗ. ಯಾರಾದರೂ ಚಿತ್ರ ಕೇಳಿದರೆ ಎಲ್ಲಿಗೆ, ಎಷ್ಟು ದಿನಕ್ಕೆ, ಎಷ್ಟು ಪ್ರತಿಗೆ ಅಂತ ಕೇಳಿ. ಪೂರ್ತಿ ಹಕ್ಕೇ ಬೇಕು ಅಂದರೆ ಬೆಲೆ ಬೇರೆಯೇ. ಸ್ಕೆಚ್, ಲೇಯರ್ ಇರುವ ಮೂಲ ಫೈಲ್ ತಾರೀಖಿನ ಸಮೇತ ಇಟ್ಟುಕೊಳ್ಳಿ. ಹೇಳಿ ಮಾಡಿಸುವ ಕೆಲಸಕ್ಕೆ ಅರ್ಧ ಮುಂಗಡ ತೆಗೆದುಕೊಳ್ಳಿ.

ನಿಮ್ಮ ಚಿತ್ರಗಳನ್ನು ದೊಡ್ಡ ಮೊತ್ತಕ್ಕೆ ಎನ್‌ಎಫ್‌ಟಿಯಾಗಿ (ಒಡೆತನ ತೋರಿಸುವ ಡಿಜಿಟಲ್ ಟೋಕನ್ ಆಗಿ) ಕೊಳ್ಳುತ್ತೇನೆ, ಮೊದಲು ನೀವು ಒಂದು ಶುಲ್ಕ ಕಟ್ಟಿ ಅಂತ ಮೆಸೇಜ್ ಬಂದಿದೆ ಅಂದಿರಿ. ಅದು ಮೋಸ. ಉತ್ತರ ಕೊಡಬೇಡಿ.

ತೆರಿಗೆ ಬಗ್ಗೆ ಒಂದೇ ಮಾತು. ಅಮೆರಿಕದ ಹೊರಗಿದ್ದು ಅಲ್ಲಿನ ಕಂಪನಿಗಳಿಂದ ಹಣ ಪಡೆಯುವವರು ಸಾಮಾನ್ಯವಾಗಿ ಡಬ್ಲ್ಯೂ-8ಬಿಇಎನ್ ಅನ್ನುವ ಫಾರಂ ತುಂಬಬೇಕು. ತುಂಬದಿದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಕಡಿತವಾಗಬಹುದು. ಬಂದ ಹಣವನ್ನು ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ಬರೆಯಿರಿ.

ಪತ್ರದ ಜೊತೆ ಕಳಿಸಿದ್ದ ಆ ಕೈಗಳ ಚಿತ್ರ ನಮ್ಮ ಕಚೇರಿಯಲ್ಲಿ ಎಲ್ಲರ ಕೈ ಸುತ್ತಿ ಬಂತು. ಮುಂದಿನ ಸಂಚಿಕೆಯ ಕತೆಯೊಂದಕ್ಕೆ ಅದನ್ನು ಬಳಸುವ ಆಸೆ ನಮಗಿದೆ. ಸಂಭಾವನೆ ಎಷ್ಟು ಅಂತ ಬರೆದು ಒಪ್ಪಿಗೆ ಪತ್ರ ಬೇರೆ ಲಕೋಟೆಯಲ್ಲಿ ಕಳಿಸಿದ್ದೇವೆ. ಒಂದು ಸಲ ಮುದ್ರಿಸಲು ಮಾತ್ರ ಅನುಮತಿ ಕೇಳಿದ್ದೇವೆ, ಉಳಿದ ಹಕ್ಕೆಲ್ಲ ನಿಮ್ಮದೇ. ನಿಧಾನವಾಗಿ ಓದಿ. ಒಪ್ಪಿಗೆಯಾಗದ ಸಾಲಿದ್ದರೆ ಹೊಡೆದುಹಾಕಿ ವಾಪಸ್ ಕಳಿಸಿ, ಮಾತಾಡೋಣ. ಪ್ರಿಂಟ್ ಕೇಳಿದವರ ಪಟ್ಟಿಯಲ್ಲಿ ನನ್ನನ್ನು ಹನ್ನೆರಡನೆಯವನಾಗಿ ಸೇರಿಸಿಕೊಳ್ಳಿ.

— ಸಂಪಾದಕ